ಮುಗಿಸಿದ್ರ ಏನ್ ಸಿಗ್ತೈತಿ?

ಕಾಕಾ ಕೇಳುತ್ತಾರೆ, ಆಫೀಸಿನವರು ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರೂ ಕೇಳುತ್ತಾರೆ. "ಅಷ್ಟೊತ್ತು ಕುಂತ ಆಡ್ತಿ, ಮುಗಿಸಿದ್ರ ಏನ್ ಸಿಗ್ತೈತೊ?" ರೊಕ್ಕ ಸಿಗುತ್ತಾ, ಸರ್ಟಿಫಿಕೇಟ್ ಸಿಗುತ್ತಾ ಅಂತ. ಎರಡೂ ಇಲ್ಲ. ಟ್ರೋಫಿ ಅಂತ ಒಂದು ಬರುತ್ತೆ, ಟಿವಿಯ ಮೂಲೆಯಲ್ಲಿ ಟಣ್ ಅಂದು ಮಾಯವಾಗುತ್ತೆ. ಅದನ್ನು ತೋರಿಸಿದರೆ ಕಾಕಾ ಇನ್ನೂ ಜೋರಾಗಿ ನಗುತ್ತಾರೆ.

ಇದು ಕನ್ಸೋಲಿನ, ಅಂದರೆ ಟಿವಿಗೆ ಜೋಡಿಸಿ ಆಡುವ ಯಂತ್ರದ, ಆರ್‌ಪಿಜಿ (ರೋಲ್ ಪ್ಲೇಯಿಂಗ್ ಗೇಮ್) ಆಟಗಳ ಮಾತು. ಗೊತ್ತಿಲ್ಲದವರಿಗೆ: ಒಂದು ದೊಡ್ಡ ಕಥೆ, ನಾಲ್ಕೈದು ಜನರ ಒಂದು ತಂಡ. ಅವರನ್ನು ಊರೂರು ತಿರುಗಿಸಿ, ಬಡಿದಾಡಿಸಿ, ಗಟ್ಟಿ ಮಾಡಿ, ಕೊನೆಗೆ ಒಬ್ಬ ದೊಡ್ಡ ಶತ್ರುವಿನ ಎದುರು ತಂದು ನಿಲ್ಲಿಸಬೇಕು. 40 ತಾಸಿನಿಂದ 100 ತಾಸಿನವರೆಗೂ ಹಿಡಿಯುತ್ತೆ. ಫೋನಿನಲ್ಲಿ ಎಲ್ಲರೂ ಆಡುವ ಆಟಗಳ ತರಹ ಅಲ್ಲ. ಅವು ಮುಗಿಯಲೇಬಾರದು ಅಂತ ಮಾಡಿದವು, ದಿನಾ ಬಾ, ದಿನಾ ಲಾಗಿನ್ ಆಗು, ಒಂದು ದಿನ ತಪ್ಪಿದರೆ ಬೋನಸ್ ಹೋಯ್ತು ಅಂತ ಹೆದರಿಸುತ್ತವೆ. ಆರ್‌ಪಿಜಿ ಮುಗಿಯುತ್ತೆ. ನನಗೆ ಸಿಗೋದು ಅದೇ, ಒಂದು ಮುಕ್ತಾಯ.

ಇಷ್ಟು ಹೇಳಿದರೆ ತಮ್ಮ ಬಿಡಲ್ಲ. ಮುಕ್ತಾಯ ಅಷ್ಟೇ ಬೇಕಿದ್ರೆ ಯೂಟ್ಯೂಬಿನಲ್ಲಿ ಎರಡು ತಾಸಿನ ವಿಡಿಯೋ ನೋಡಬಹುದಲ್ಲ ಅಂತಾನೆ. ನೋಡಬಹುದು. ಆದರೆ ಒಳ್ಳೆ ಆಟಗಳು ಕೊನೆಯನ್ನು ಸುಮ್ನೆ ತೋರಿಸುವುದಿಲ್ಲ, ನಮ್ಮ ಕೈಯಿಂದಲೇ ಮಾಡಿಸುತ್ತವೆ. ಅದನ್ನು ವಿವರಿಸಬೇಕೆಂದರೆ ಕಥೆಯ ಕೊನೆ ಹೇಳಲೇಬೇಕು. ಆಡಬೇಕು ಅಂತ ಇಟ್ಟುಕೊಂಡವರು ಮುಂದೆ ಓದಬೇಡಿ.

ಫೈನಲ್ ಫ್ಯಾಂಟಸಿ 10 ತಗೊಳ್ಳಿ. 2001ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಬಂದದ್ದು. ನಾನು ಆಡಿದ್ದು ಅದಕ್ಕಿಂತ ಎಷ್ಟೋ ವರ್ಷ ಆದ ಮೇಲೆ, ಪುಣೆಯಲ್ಲಿದ್ದ ಅಣ್ಣ ಹೊಸ ಕನ್ಸೋಲ್ ಕೊಂಡು ಹಳೇದನ್ನು ನನಗೆ ದಾಟಿಸಿದಾಗ, ಬಾಗಲಕೋಟೆಯ ನವನಗರದ ನಮ್ಮ ಮನೆಯಲ್ಲಿ. ಶುರುವಿನಲ್ಲೇ ನಾಯಕ ಟೀಡಸ್ ನೀರಿನಲ್ಲಿ ಮುಳುಗಿದ ಒಂದು ಹಾಳು ಗುಡಿಯಲ್ಲಿ ಬಂದು ಬೀಳುತ್ತಾನೆ. ಹಿಂದೆ ಕೂತಿದ್ದ ಅಜ್ಜಿ ನೋಡಿ ಕೇಳಿದ್ದು ಒಂದೇ ಮಾತು: "ಅಲ್ಲೂ ಡ್ಯಾಮ್ ಕಟ್ಯಾರೇನು?" ಅಜ್ಜಿಯ ಮನೆ ಹಳೇ ಬಾಗಲಕೋಟೆಯಲ್ಲಿತ್ತು, ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ನಗಬೇಕೋ ಬೇಡವೋ ಗೊತ್ತಾಗಲಿಲ್ಲ.

ಆ ಆಟದಲ್ಲಿ ಯೂನಾ ಅಂತ ಒಬ್ಬ ಹುಡುಗಿ, ಏಯಾನ್ ಎಂಬ ದೈತ್ಯ ಜೀವಿಗಳನ್ನು ಕರೆಸಿಕೊಳ್ಳುವ ಶಕ್ತಿ ಅವಳಿಗೆ. ಒಂದೊಂದು ಗುಡಿಯಲ್ಲಿ ಒಂದೊಂದು ಸಿಗುತ್ತೆ. ಅವಕ್ಕೆ ಹೆಸರು ನಾವೇ ಇಡಬಹುದು. ಮೊದಲು ಸಿಗುವ ವೇಲ್‌ಫೋರ್, ದೊಡ್ಡ ರೆಕ್ಕೆಯ ಹಕ್ಕಿ. ನಾನು ಅದಕ್ಕೆ ಗರುಡ ಅಂತ ಹೆಸರಿಟ್ಟೆ, ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕಾಯ್ತು ಅನ್ನಿ. ಎಷ್ಟೋ ಕಡೆ ತಂಡದವರೆಲ್ಲ ಸಾಯುವ ಹೊತ್ತಿಗೆ ಗರುಡನನ್ನು ಕರೆದು ಪಾರಾಗಿದ್ದೇನೆ.

ಈಗ ಕೊನೆ. ದೊಡ್ಡ ಶತ್ರು, ಅಂದರೆ ಟೀಡಸನ ಅಪ್ಪನೇ, ಬಿದ್ದ ಮೇಲೆ ಆಟ ಮುಗಿಯಲ್ಲ. ಯು ಯೆವೊನ್ ಎಂಬ ಮೂಲ ಪಿಡುಗು ಇನ್ನೂ ಉಳಿದಿದೆ, ಅದು ಅಡಗಿ ಕೂರುವುದು ಏಯಾನ್‌ಗಳ ಮೈಯಲ್ಲಿ. ಹಾಗಾಗಿ ಯೂನಾ ತನ್ನ ಏಯಾನ್‌ಗಳನ್ನು ಒಂದೊಂದಾಗಿ ಕರೆಯಬೇಕು, ಅದು ಮೈಮೇಲೆ ಬಂದ ಕೂಡಲೇ ನಾವು ಅವನ್ನು ಕೊಲ್ಲಬೇಕು. ಪಟ್ಟಿ ತೆರೆಯುತ್ತೆ, ಯಾರನ್ನು ಕರೆಯಲಿ ಅಂತ ಕೇಳುತ್ತೆ, ನಾವು ಒತ್ತಬೇಕು. ಈ ಜಗಳದಲ್ಲಿ ಸೋಲುವುದು ಹೆಚ್ಚುಕಡಿಮೆ ಸಾಧ್ಯವೇ ಇಲ್ಲ, ಸತ್ತವರು ತಾವೇ ಎದ್ದು ಬರುತ್ತಾರೆ. ಸವಾಲು ಅಂತ ಏನೂ ಇಲ್ಲದ ಒಂದು ಕೆಲಸವನ್ನು ನಮ್ಮ ಬೆರಳಿನಿಂದ ಮಾಡಿಸುತ್ತಾರೆ, ಅಷ್ಟೇ. ನಾನು ಗರುಡನನ್ನು ಕೊನೆಗೆ ಕರೆದೆ. ಅದೂ ಹೋಯಿತು. ಟೀಡಸ್ ಆ ಜೀವಿಗಳ ಹಿಂದಿರುವ ಆತ್ಮಗಳು ಕಾಣುತ್ತಿದ್ದ ಕನಸು, ಹಾಗಾಗಿ ಇದೆಲ್ಲ ಮುಗಿದರೆ ಅವನೂ ಇರುವುದಿಲ್ಲ. ಯೂನಾ ಓಡಿ ಬಂದು ಅಪ್ಪಿಕೊಳ್ಳಲು ಹೋದರೆ ಅವನ ಮೈ ದಾಟಿ ಆಚೆ ಬೀಳುತ್ತಾಳೆ. ವಿಡಿಯೋದಲ್ಲಿ ನೋಡಿದವರಿಗೂ ಇಲ್ಲಿ ಕಣ್ಣು ತುಂಬುತ್ತೆ, ಸರಿ. ಆದರೆ ಆ ಪಟ್ಟಿಯಲ್ಲಿ ಹೆಸರು ಆರಿಸಿ ಒತ್ತಿದವರು ಅವರಲ್ಲ.

ಅಲ್ಲಿಗೆ ತಲುಪುವುದೇ ಒಂದು ಕಥೆ. ಹಳೇ ಆಟಗಳಲ್ಲಿ ಬೇಕಾದಲ್ಲಿ ಸೇವ್ ಮಾಡುವ, ಅಂದರೆ ಅಲ್ಲಿವರೆಗೆ ಆಡಿದ್ದನ್ನು ಉಳಿಸಿಡುವ, ಹಾಗಿಲ್ಲ, ಸೇವ್ ಪಾಯಿಂಟ್ ಸಿಗಬೇಕು. ಯೂನಲೆಸ್ಕಾ ಅಂತ ಒಬ್ಬಳು ಬರುತ್ತಾಳೆ, ಮೂರು ರೂಪ ಅವಳಿಗೆ. ಮೂರನೆಯ ರೂಪ ಬಂದ ಕೂಡಲೇ ಮೆಗಾ ಡೆತ್ ಅಂತ ಬಿಡುತ್ತಾಳೆ, ಎರಡನೆಯ ರೂಪದಲ್ಲಿ ಅವಳೇ ಮಾಡಿಟ್ಟ ಹಾಗೆ ಝಾಂಬಿ, ಅಂದರೆ ನಡೆದಾಡುವ ಹೆಣ, ಆಗಿರುವವರು ಮಾತ್ರ ಉಳಿಯುತ್ತಾರೆ. ಇದು ಗೊತ್ತಿಲ್ಲದೆ ಹಿಂದಿನ ರೂಪದಲ್ಲೇ ಎಲ್ಲರಿಗೂ ಮದ್ದು ಕೊಟ್ಟು ಝಾಂಬಿ ಬಿಡಿಸಿದರೆ ಕಥೆ ಮುಗೀತು. ಮತ್ತೆ ಮೊದಲಿನಿಂದ, ಜಗಳಕ್ಕೆ ಮುಂಚಿನ ಉದ್ದನೆಯ ದೃಶ್ಯ ಪೂರ್ತಿ ನೋಡಬೇಕು, ದಾಟಿಸುವ ಬಟನ್ ಇಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಅವಳ ಮೂರನೆಯ ರೂಪ ಅರ್ಧ ಸತ್ತಿರುವಾಗ ಕರೆಂಟ್ ಹೋದರೆ ಏನಾಗುತ್ತೆ ಅಂತ ಜಪಾನಿನವರು ಯೋಚಿಸಿರಲಿಕ್ಕಿಲ್ಲ.

ಕೈಯಿಂದ ಮಾಡಿಸುವುದರಲ್ಲಿ ಎಲ್ಲರನ್ನೂ ಮೀರಿಸಿದ್ದು ನಿಯರ್ ಆಟೋಮೇಟಾ, 2017ರದ್ದು, ಯೊಕೊ ತಾರೊ ನಿರ್ದೇಶನ. ಅದರ ಕೊನೆಯ ಮುಕ್ತಾಯದಲ್ಲಿ ಆಟ ಮಾಡಿದವರ ಹೆಸರುಗಳೇ ಮೇಲಿಂದ ಬರುತ್ತಾ ನಮ್ಮ ಮೇಲೆ ಗುಂಡು ಹಾರಿಸುತ್ತವೆ. ಒಬ್ಬರೇ ದಾಟುವುದು ಬಹಳ ಕಷ್ಟ. ಸತ್ತು ಸತ್ತು ಸಾಕಾದಾಗ ಬೇರೆ ಆಟಗಾರರ ಸಹಾಯ ಬೇಕಾ ಅಂತ ಕೇಳುತ್ತೆ. ಹೂಂ ಅಂದರೆ ಎಲ್ಲೆಲ್ಲಿಯವರೋ ನಮ್ಮ ಸುತ್ತ ಬಂದು ಗುಂಡು ತಾವು ತಿನ್ನುತ್ತಾರೆ. ದಾಟಿದ ಮೇಲೆ ಪ್ರಶ್ನೆ: ಗುರುತಿಲ್ಲದ ಯಾರೋ ಒಬ್ಬರಿಗೆ ಹೀಗೇ ಸಹಾಯ ಆಗಬೇಕಾದರೆ ನಿನ್ನ ಸೇವ್ ಪೂರ್ತಿ ಅಳಿಸಬೇಕು, ಕೊಡ್ತೀಯಾ? ನಮಗೆ ಸಹಾಯ ಮಾಡಿದವರೆಲ್ಲ ಹಾಗೆ ಕೊಟ್ಟವರೇ. ನಾನು ಕೊಟ್ಟೆ. ಕಣ್ಣೆದುರೇ ಒಂದೊಂದೇ ಅಳಿಸಿತು, ಆಯುಧ, ನಕ್ಷೆ, ಎಲ್ಲ. ಕಾಕಾಗೆ ಇದನ್ನು ಹೇಳಿದಾಗ, ಸಿಗೋದು ಹೋಗ್ಲಿ, ಇದ್ದದ್ದೂ ಹೋತಲ್ಲೋ ಅಂದರು. ಹೌದು.

ಎಲ್ಲ ಮುಕ್ತಾಯವೂ ನನಗೆ ಹಿಡಿಸುತ್ತೆ ಅಂತಲ್ಲ. ಡ್ರ್ಯಾಗನ್ ಕ್ವೆಸ್ಟ್ 11ರಲ್ಲಿ ತಂಡದ ವೆರೋನಿಕಾ ಎಲ್ಲರನ್ನೂ ಉಳಿಸಿ ತಾನು ಸಾಯುತ್ತಾಳೆ. ಉಳಿದವರು ಆ ನೋವು ಹೊತ್ತುಕೊಂಡೇ ಗೆಲ್ಲುತ್ತಾರೆ, ಹೆಸರುಗಳು ಓಡುತ್ತವೆ. ಆಮೇಲೆ ಇನ್ನೊಂದು ಭಾಗ ತೆರೆಯುತ್ತೆ, ಕಾಲದಲ್ಲಿ ಹಿಂದೆ ಹೋಗಿ ಅವಳನ್ನು ಉಳಿಸಿಕೊಳ್ಳಬಹುದು. ನಿಜವಾದ ಮುಕ್ತಾಯ ಅದೇ ಅಂತ ಬಹಳ ಜನ ವಾದ ಮಾಡುತ್ತಾರೆ. ನನಗೆ ಮೊದಲ ಮುಕ್ತಾಯವೇ ಸಾಕು. ಅವಳು ಸತ್ತದ್ದಕ್ಕೆ ಅಷ್ಟು ಅತ್ತ ಮೇಲೆ, ಏ ತಡಿ, ಅದೆಲ್ಲ ಆಗ್ಲೇ ಇಲ್ಲ ಅಂದರೆ ಹೆಂಗೆ?

ಇನ್ನು ಪರ್ಸೋನಾ 4. ಸಿಟಿ ಹುಡುಗ ಒಂದು ವರ್ಷಕ್ಕಂತ ಮಾಮಾನ ಸಣ್ಣ ಊರಿಗೆ ಬರುತ್ತಾನೆ, ವರ್ಷ ಮುಗಿದಾಗ ರೈಲು ಹತ್ತಿ ಹೋಗುತ್ತಾನೆ. ಹೊರಡುವ ಮುಂಚೆ ಊರೆಲ್ಲ ಸುತ್ತಿ ಪರಿಚಯದವರಿಗೆಲ್ಲ ಹೋಗಿ ಬರ್ತೀನಿ ಅಂತ ಹೇಳಬಹುದು. ಯಾರೂ ಬಲವಂತ ಮಾಡಲ್ಲ, ನೇರ ಮನೆಗೂ ಹೋಗಬಹುದು. ನಾನು ಒಬ್ಬರನ್ನೂ ಬಿಡಲಿಲ್ಲ. ರಜೆ ಮುಗಿದಾಗ ಬಾದಾಮಿಯಲ್ಲಿ ಸೋದರಮಾವನ ಓಣಿಯನ್ನೆಲ್ಲ ಹೀಗೇ ಸುತ್ತಿದವನು ನಾನು.

ಮೊನ್ನೆ ಕಾಕಾ ಮತ್ತೆ ಅದೇ ಕೇಳಿದರು. ನಾನು ತಿರುಗಿ ಕೇಳಿದೆ, ನೀವು ರಾತ್ರಿಯಿಡೀ ಕೂತು ಶ್ರೀಕೃಷ್ಣ ಪಾರಿಜಾತ ನೋಡಿ ಬೆಳಿಗ್ಗೆ ಕಣ್ಣುಜ್ಜಿಕೊಂಡು ಬರ್ತೀರಲ್ಲ, ಸತ್ಯಭಾಮೆ ಸಿಟ್ಟಾಗೋದು ಮೊದಲೇ ಗೊತ್ತಿರುತ್ತಲ್ಲ, ನಿಮಗೆ ಏನ್ ಸಿಗ್ತೈತಿ? ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದ ಬ್ಯಾರೆ ಮಗನ" ಅಂದರು. ಹೇಗೆ ಬೇರೆ ಅಂತ ಇನ್ನೂ ಹೇಳಿಲ್ಲ.

ಎಲ್ಲಿಂದ ಶುರು ಮಾಡಲಿ ಅಂತ ಕೇಳುವವರಿಗೆ: ಪರ್ಸೋನಾ 4 ಗೋಲ್ಡನ್ ಈಗ ಪ್ಲೇಸ್ಟೇಷನ್ 4ರಲ್ಲೂ ಇದೆ, ಅದರಿಂದ ಹಿಡಿಯಿರಿ. ಮೊದಲ ಕೆಲವು ತಾಸು ಬರೀ ಮಾತೇ ಮಾತು, ತಾಳ್ಮೆ ಇರಲಿ. ಫೈನಲ್ ಫ್ಯಾಂಟಸಿ 10 ಆಮೇಲೆ ಆಡಿ, ಅದಕ್ಕೂ ಮುಂಚೆ ಮನೆಗೆ ಒಂದು ಒಳ್ಳೆ ಯುಪಿಎಸ್ ತನ್ನಿ.