ಒಂದು ಲಕ್ಷದ ಪುಸ್ತಕ

ಶಿಡ್ಲಘಟ್ಟದ ನಮ್ಮ ಬ್ರಾಂಚಿನಲ್ಲಿ ಸೋಮವಾರ ಅಂದರೆ ಉಸಿರಾಡಲೂ ಬಿಡುವಿಲ್ಲ. ಅಂಥದೊಂದು ಸೋಮವಾರ ರೇಷ್ಮೆ ಬೆಳೆಯುವ ಯಜಮಾನರೊಬ್ಬರು ಕೌಂಟರಿಗೆ ಬಗ್ಗಿ, "ಬ್ಯಾಂಕ್ ಮುಳುಗಿದ್ರೆ ನಮ್ ದುಡ್ಡು ಎಷ್ಟು ವಾಪಸ್ ಬರ್ತದಪ್ಪಾ?" ಅಂದರು.

ಹಿಂದಿನ ರಾತ್ರಿಯಷ್ಟೇ ಓದಿದ್ದೆ. "ಒಂದು ಲಕ್ಷದವರೆಗೂ ವಿಮೆ ಇರುತ್ತೆ ತಾತ."

"ಟೀವೀಲಿ ಐದು ಅಂದ್ರಲ್ಲ?"

"ಪುಸ್ತಕದಲ್ಲಿ ಒಂದೇ ಇರೋದು."

ಪಕ್ಕದ ಕೌಂಟರಿನ ಮೇಡಂ ಕಂಪ್ಯೂಟರಿನಿಂದ ಕಣ್ಣೆತ್ತದೆ "ಐದೂ ರೀ" ಅಂದರು. 2020ರ ಫೆಬ್ರವರಿಯಲ್ಲೇ ಒಂದರಿಂದ ಐದು ಲಕ್ಷಕ್ಕೆ ಏರಿಸಿದ್ದರು. ತಾತನಿಗೆ ಗೊತ್ತಿತ್ತು, ಬ್ಯಾಂಕಿನಲ್ಲಿ ಕೂತ ನನಗೆ ಗೊತ್ತಿರಲಿಲ್ಲ.

ಸಂಜೆ ರೂಮಿಗೆ ಬಂದು ಪುಸ್ತಕದ ಮೊದಲ ಪುಟ ನೋಡಿದೆ. 2015ರ ಮುದ್ರಣ! ಬ್ಯಾಂಕ್ ನೌಕರರ ಜೆಎಐಐಬಿ ಪರೀಕ್ಷೆ ಬರೆಯುತ್ತೇನೆ ಅಂದಾಗ ಹಿರಿಯ ಸಹೋದ್ಯೋಗಿಯೊಬ್ಬರು ಪ್ರೀತಿಯಿಂದ ಕೊಟ್ಟ ಮೂರು ದಪ್ಪ ಪುಸ್ತಕಗಳಲ್ಲಿ ಅದೂ ಒಂದು. ಅವರು ಅದನ್ನೇ ಓದಿ ಪಾಸಾಗಿ ಇನ್‌ಕ್ರಿಮೆಂಟ್ ತಗೊಂಡವರು. ಬಿಟ್ಟಿ ಸಿಕ್ಕ ಪುಸ್ತಕದ ಇಸವಿ ಯಾರು ನೋಡುತ್ತಾರೆ?

ಪರೀಕ್ಷೆ ನಡೆಸುವ ಐಐಬಿಎಫ್‌ನ ಜಾಲತಾಣ ತೆರೆದರೆ ಇನ್ನೊಂದು ಏಟು ಕಾದಿತ್ತು. 2023ರಿಂದ ಪತ್ರಿಕೆ ಮೂರಲ್ಲ, ನಾಲ್ಕು. ಭಾರತದ ಅರ್ಥವ್ಯವಸ್ಥೆಯದೇ ಒಂದು ಬೇರೆ ಪತ್ರಿಕೆ, ರೀಟೇಲ್ ಬ್ಯಾಂಕಿಂಗ್ ಮತ್ತು ವೆಲ್ತ್ ಮ್ಯಾನೇಜ್‌ಮೆಂಟ್ ಇನ್ನೊಂದು. ನಾನು ಫೀಸು ಕಟ್ಟಿಯಾಗಿತ್ತು. ಸಿಲಬಸ್ ಪ್ರಿಂಟ್ ತೆಗೆದು, ಹಳೆಯ ಪುಸ್ತಕಗಳ ಪರಿವಿಡಿ ಪಕ್ಕಕ್ಕಿಟ್ಟು, ಇರುವ ಅಧ್ಯಾಯಕ್ಕೆ ಟಿಕ್ ಹಾಕುತ್ತಾ ಹೋದೆ. ಟಿಕ್ಕಿಗಿಂತ ಖಾಲಿ ಜಾಗವೇ ಹೆಚ್ಚು.

ಹೊಸ ನಾಲ್ಕು ಪುಸ್ತಕ ತರಿಸಿದೆ. ಅಕೌಂಟ್ಸ್‌ದು ಮಾತ್ರ ಹಳೆಯದನ್ನೂ ಇಟ್ಟುಕೊಂಡೆ. ಡೆಬಿಟ್-ಕ್ರೆಡಿಟ್, ಚಕ್ರಬಡ್ಡಿಗಳಿಗೆ ವಯಸ್ಸಾಗುವುದಿಲ್ಲ, ಮೇಲಾಗಿ ಅದರ ಅಂಚಿನಲ್ಲಿ ಆ ಹಿರಿಯರು ಪೆನ್ಸಿಲಿನಲ್ಲಿ ಬಿಡಿಸಿದ ಲೆಕ್ಕಗಳು ಹೊಸ ಪುಸ್ತಕಕ್ಕಿಂತ ಚೆನ್ನಾಗಿದ್ದವು. ಟೆಲಿಗ್ರಾಂನಲ್ಲಿ ಹರಿದಾಡುವ 'ಹಿಂದಿನ ಸಲ ಕೇಳಿದ ಪ್ರಶ್ನೆ'ಗಳ ಪಿಡಿಎಫ್ ಎರಡು ದಿನ ಓದಿ ಬಿಟ್ಟೆ. ಒಂದೇ ಪ್ರಶ್ನೆಗೆ ಎರಡು ಫೈಲಿನಲ್ಲಿ ಎರಡು ಉತ್ತರ.

ನನ್ನ ನಿಜವಾದ ಕಷ್ಟ ಭಾಷೆ. ಪರೀಕ್ಷೆ ಇಂಗ್ಲಿಷಿನಲ್ಲಿ ಇಲ್ಲವೇ ಹಿಂದಿಯಲ್ಲಿ. ನಾನೋ ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ. ಪ್ಲೆಡ್ಜ್, ಹೈಪಾಥಿಕೇಷನ್, ಮಾರ್ಟ್‌ಗೇಜ್ ಮೂರೂ ನನಗೆ 'ಅಡ' ಇಡುವುದೇ. ಚಿಕ್ಕಬಳ್ಳಾಪುರದಿಂದ ಬರುವ ಬಸ್ಸಿನಲ್ಲಿ ವ್ಯಾಖ್ಯೆಗಳನ್ನು ಎಷ್ಟು ಉರು ಹೊಡೆದರೂ ಇಳಿಯುವಷ್ಟರಲ್ಲಿ ಕಲಸಿಹೋಗುತ್ತಿದ್ದವು. ಕೊನೆಗೆ ನಮ್ಮ ಗಿರಾಕಿಗಳನ್ನೇ ಒಬ್ಬೊಬ್ಬರನ್ನಾಗಿ ಅವಕ್ಕೆ ಹಚ್ಚಿದೆ. ಒಡವೆ ಸಾಲದವರ ಸರ ನಮ್ಮ ಲಾಕರಿನಲ್ಲಿ: ಪ್ಲೆಡ್ಜ್. ರೀಲರ್ ಸಾಬರ ನೂಲು ತೆಗೆಯುವ ಮೆಷಿನ್ ಅವರ ಶೆಡ್ಡಿನಲ್ಲೇ ತಿರುಗುತ್ತಿದೆ, ಸಾಲ ತೀರುವವರೆಗೂ ಅದರ ಮೇಲೆ ಬ್ಯಾಂಕಿನ ಹಕ್ಕು: ಹೈಪಾಥಿಕೇಷನ್. ಮನೆ, ಜಮೀನು ಬಂದರೆ ಮಾರ್ಟ್‌ಗೇಜ್. ಆಮೇಲೆ ಮರೆಯಲಿಲ್ಲ.

ಅರ್ಥವ್ಯವಸ್ಥೆಯ ಪತ್ರಿಕೆಯಲ್ಲಿ 47 ಬಂತು. ಪಾಸಿಗೆ 50 ಬೇಕು. ಆದರೆ ಒಂದೇ ಸಲಕ್ಕೆ ನಾಲ್ಕರಲ್ಲೂ ಕನಿಷ್ಠ 45 ಬಂದು, ಒಟ್ಟಾರೆ ಶೇ. 50 ಬಂದರೂ ಪಾಸು. ಆ ನಿಯಮವೇ ನನ್ನನ್ನು ದಡ ಸೇರಿಸಿತು.

ಅದಾದ ತಿಂಗಳಿಗೆ ಅದೇ ತಾತ ಬಂದರು. "ಎಂಟು ಲಕ್ಷ ಐತೆ. ಇಲ್ಲಿ ಅರ್ಧ, ಚಿಂತಾಮಣಿ ಬ್ರಾಂಚಲ್ಲಿ ಅರ್ಧ ಮಡಗಿದ್ರೆ ಎರಡಕ್ಕೂ ವಿಮೆ ಬರ್ತದಾ?"

"ಇಲ್ಲ ತಾತ, ಬ್ಯಾಂಕ್ ಒಂದೇ ಆದ್ರೆ ಎಲ್ಲಾ ಬ್ರಾಂಚಿಂದೂ ಕೂಡಿಸ್ತಾರೆ. ಅಸಲು, ಬಡ್ಡಿ ಎಲ್ಲಾ ಸೇರಿ ಐದೇ ಲಕ್ಷ."

"ಹಂಗಾದ್ರೆ ನಾಲ್ಕು ಇಲ್ಲಿರಲಿ. ಉಳಿದಿದ್ದು ಪೋಸ್ಟಾಫೀಸಿಗೆ ಹಾಕ್ತೀನಿ" ಅಂದು ತಾತ ಚೀಲ ಎತ್ತಿಕೊಂಡರು. ಗಾಜಿನ ಕ್ಯಾಬಿನ್ನಿನಿಂದ ಮ್ಯಾನೇಜರ್ ನನ್ನನ್ನೇ ನೋಡುತ್ತಿದ್ದರು.