ಬೀಳುವ ಹೊತ್ತಿನ ಕಾಲು

ಮಂಗಳವಾರ ಬೆಳಗ್ಗೆ ಆರೂವರೆಯ ಸುಮಾರಿಗೆ ಮೇಖ್ರಿ ವೃತ್ತದ ಸಿಗ್ನಲ್‌ನಲ್ಲಿ, ಸೈಕಲ್ ಪೂರ್ತಿ ನಿಂತ ಮೇಲೆ, ನಾನು ಎಡಕ್ಕೆ ವಾಲಿ ಬಿದ್ದೆ. ಯಾವ ವಾಹನವೂ ತಾಗಿರಲಿಲ್ಲ, ರಸ್ತೆಯಲ್ಲಿ ಗುಂಡಿ ಇರಲಿಲ್ಲ, ಮಳೆಯೂ ಬಂದಿರಲಿಲ್ಲ. ಶೂವನ್ನು ಕಚ್ಚಿ ಹಿಡಿಯುವ ಪೆಡಲಿನಿಂದ ಬಲಗಾಲನ್ನು ಬಿಡಿಸಿ ನೆಲಕ್ಕೆ ಊರಲು ಹೊರಟಿದ್ದೆ. ಅಷ್ಟರಲ್ಲಿ ಸೈಕಲ್ ಎಡಕ್ಕೆ ವಾಲಿತು, ಎಡಗಾಲು ಇನ್ನೂ ಪೆಡಲಿಗೆ ಕಚ್ಚಿಕೊಂಡೇ ಇತ್ತು. ಸೈಕಲ್ ವಾಲತೊಡಗಿದ್ದಕ್ಕೂ ಮೊಣಕೈ ಡಾಂಬರಿಗೆ ಬಡಿದದ್ದಕ್ಕೂ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚು ಸಮಯ ಇದ್ದಿರಲಾರದು. ಆ ಒಂದು ಸೆಕೆಂಡಿನಲ್ಲಿ ನನ್ನ ಕಾಲು ನನ್ನ ಮಾತು ಕೇಳಲಿಲ್ಲ ಎಂಬುದು ಮಾತ್ರ ಮೊಣಕೈ ಗಾಯ ಒಣಗುತ್ತಾ ಬಂದರೂ ಮನಸ್ಸಿನಿಂದ ಹೋಗುತ್ತಿಲ್ಲ.

ಹಿಂದೆ ನಿಂತಿದ್ದ ಬೈಕಿನವರು ಹಾರನ್ ಹೊಡೆದು ಪಕ್ಕಕ್ಕೆ ಸರಿದು ಹೋದರು. ನನ್ನಂತೆಯೇ ಹೆಲ್ಮೆಟ್ ಮತ್ತು ಜೆರ್ಸಿ ತೊಟ್ಟಿದ್ದ ಇಬ್ಬರು ಸೈಕಲ್ ಸವಾರರು "ಓಕೆನಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ, ಸಿಗ್ನಲ್ ಬಿಟ್ಟೊಡನೆ ಹೆಬ್ಬಾಳದ ಕಡೆಗೆ ಹೊರಟುಬಿಟ್ಟರು, ಅವರ ಮೇಲೆ ನನಗೆ ಈಗಲೂ ಸಿಟ್ಟಿದೆ. ಎಬ್ಬಿಸಲು ಬಂದವರು ರಸ್ತೆಯ ಅಂಚು ಗುಡಿಸುತ್ತಿದ್ದ ಪೌರಕಾರ್ಮಿಕ ಮಹಿಳೆ. ಐವತ್ತರ ಆಸುಪಾಸಿನ ವಯಸ್ಸು, ಸೀರೆಯ ಮೇಲೆ ಹಸಿರು ಕೋಟು. ಪೊರಕೆಯನ್ನು ಕಂಬಕ್ಕೆ ಒರಗಿಸಿ ಬಂದವರೇ ಮೊದಲು ನನ್ನ ಮೇಲೆ ಬಿದ್ದಿದ್ದ ಸೈಕಲನ್ನು ಎತ್ತಿದರು. ಸೈಕಲಿನ ಜೊತೆಗೆ ನನ್ನ ಎಡಗಾಲೂ ಮೇಲೆದ್ದಿತು. ಅವರು ಒಂದು ಕ್ಷಣ ಆ ಕಾಲನ್ನೇ ನೋಡಿದರು.

"ಯಾಕಮ್ಮಾ, ಕಾಲು ಕಟ್ಕೊಂಡು ಸೈಕಲ್ ತುಳೀತೀರಾ? ಬೀಳೋ ಹೊತ್ಗೆ ಕಾಲು ಬೇಕಲ್ವಾ?"

"ಕಟ್ಟಿಲ್ಲ ಅಕ್ಕಾ, ಅದು ಲಾಕು. ತಿರುಗಿಸಿದ್ರೆ ಬಿಡುತ್ತೆ."

"ಬಿಡ್ಲಿಲ್ವಲ್ಲ," ಎಂದರು.

ಅಷ್ಟೇ ಮಾತು. ಆಮೇಲೆ ಅವರು ನನ್ನನ್ನು ಪಾದಚಾರಿ ಮಾರ್ಗದ ಅಂಚಿನಲ್ಲಿ ಕೂರಿಸಿ, ತಮ್ಮ ಬಾಟಲಿಯ ನೀರಿನಿಂದ ಮೊಣಕೈ ತೊಳೆಯಲು ಹೇಳಿ, ಕೆಲಸಕ್ಕೆ ಮರಳಿದರು. ನಾನು ಮಾತ್ರ ಆ ಮೂರು ವಾಕ್ಯಗಳನ್ನು ಅಡುಗೆಮನೆಯಲ್ಲಿ, ಕಚೇರಿಯ ಲಿಫ್ಟಿನಲ್ಲಿ, ರಾತ್ರಿ ದೀಪ ಆರಿಸಿದ ಮೇಲೆ ಮತ್ತೆ ಮತ್ತೆ ಕೇಳಿಸಿಕೊಳ್ಳುತ್ತಿದ್ದೇನೆ. ಅವರು ಕೇಳಿದ ಪ್ರಶ್ನೆಗೆ ನಾನು ಕೊಟ್ಟದ್ದು ಯಂತ್ರದ ವಿವರಣೆಯೇ ಹೊರತು ಉತ್ತರವಲ್ಲ.

ಆ ಪೆಡಲುಗಳು ನನ್ನವಲ್ಲ. ಎರಡು ವರ್ಷಗಳಿಂದ ರೋಡ್ ಬೈಕನ್ನು, ಅಂದರೆ ಡಾಂಬರು ರಸ್ತೆಯ ವೇಗದ ಸೈಕಲನ್ನು, ಚಪ್ಪಟೆ ಪೆಡಲುಗಳಲ್ಲಿ, ಸಾಧಾರಣ ಕ್ಯಾನ್ವಾಸ್ ಶೂ ತೊಟ್ಟು ಓಡಿಸಿದವಳು ನಾನು. ಕಳೆದ ಮಳೆಗಾಲದಲ್ಲಿ ನಂದಿ ಬೆಟ್ಟದ ಕೊನೆಯ ಏರಿನಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯುತ್ತಿದ್ದಾಗ ಒದ್ದೆಯಾದ ಶೂ ಜಾರಿ, ಪೆಡಲಿನ ಮುಳ್ಳುಗಳು ಮೊಣಕಾಲಿನ ಕೆಳಗೆ ಗೀರಿದ್ದವು. ಆ ಕಲೆ ಇನ್ನೂ ಇದೆ. ಕ್ಲೀಟ್, ಅಂದರೆ ಶೂವಿನ ತಳಕ್ಕೆ ಕೂರಿಸಿ ಪೆಡಲಿಗೆ ಕಚ್ಚಿಸುವ ತುಂಡು, ಬೇಕು ಎಂದು ನನಗೆ ಅನ್ನಿಸಿದ್ದು ಆ ದಿನ. ಕೊಳ್ಳುವ ಮುನ್ನ ಅಭ್ಯಾಸವಾಗಲಿ ಎಂದು ಗೆಳತಿಯೊಬ್ಬಳು ತನ್ನ ಹಳೆಯ ಪೆಡಲುಗಳನ್ನೂ ನನ್ನ ಅಳತೆಗೆ ಸರಿಹೊಂದಿದ ಶೂಗಳನ್ನೂ ಎರಡು ವಾರದ ಮಟ್ಟಿಗೆ ಕೊಟ್ಟಿದ್ದಳು. ಆಕೆ ಉದಾರಿ, ನನಗಿಂತ ಬಹಳ ಚೆನ್ನಾಗಿ ಓಡಿಸುವವಳು. ಆದರೆ ಎದುರಿಗೆ ಬಂದ ಸವಾರರನ್ನು ಅವರ ಶೂಗಳಿಂದಲೇ ಅಳೆಯುವ ಅಭ್ಯಾಸ ಆಕೆಗಿದೆ, ಅದನ್ನು ನಾನು ಒಪ್ಪಲಾರೆ. "ರೋಡ್ ಬೈಕಿಗೆ ರೋಡ್ ಪೆಡಲ್ಲೇ ಹಾಕಬೇಕು ಕಣೇ, ಇಲ್ಲದಿದ್ದರೆ ನೋಡಿದವರು ಏನಂದ್ಕೋತಾರೆ" ಎಂದಿದ್ದಳು. ಬಿದ್ದ ಸುದ್ದಿ ಹೇಳಿದಾಗ "ಎಲ್ಲರೂ ಒಂದು ಸಲ ಬೀಳ್ತಾರೆ ಬಿಡು" ಎಂದಳು. ಎಲ್ಲರೂ ಬೀಳುವುದು ನಿಜವೇ ಇರಬಹುದು, ಆದರೆ ಬಿದ್ದ ಜಾಗದಲ್ಲಿ ಹಿಂದಿನಿಂದ ಬಿಎಂಟಿಸಿ ಬಸ್ಸು ಬರುತ್ತಿದ್ದರೆ ಆ ಒಂದು ಸಲವೇ ಸಾಕಾಗುತ್ತದೆ.

ಮಂಗಳವಾರ ರಾತ್ರಿ ಮೊಣಕೈಗೆ ಮುಲಾಮು ಹಚ್ಚಿಕೊಂಡು ಕುಳಿತು, ಈ ಕಾಲು ಕಟ್ಟುವ ಪದ್ಧತಿ ಎಲ್ಲಿಂದ ಬಂತೆಂದು ಓದಲಾರಂಭಿಸಿದೆ. ನಮ್ಮಲ್ಲಿ ಎಲ್ಲರೂ 'ಕ್ಲೀಟ್' ಎನ್ನುವ ಈ ಪೆಡಲಿಗೆ ಇಂಗ್ಲಿಷಿನಲ್ಲಿ ಇರುವ ಹೆಸರು 'ಕ್ಲಿಪ್‌ಲೆಸ್', ಅಂದರೆ ಕ್ಲಿಪ್ ಇಲ್ಲದ್ದು. ಕಾಲನ್ನು ಇಷ್ಟು ಬಿಗಿಯಾಗಿ ಹಿಡಿಯುವ ವಸ್ತುವಿಗೆ ಆ ಹೆಸರು ಏಕೆ ಎಂಬುದು ಹಿಂದಿನ ಪದ್ಧತಿಯನ್ನು ತಿಳಿದರೆ ಮಾತ್ರ ಅರ್ಥವಾಗುತ್ತದೆ. ಮೊದಲು ಸ್ಪರ್ಧೆಯ ಸವಾರರು ಪೆಡಲಿನ ಮುಂದೆ ಲೋಹದ ಪಂಜರದಂಥ ಟೋ ಕ್ಲಿಪ್ ಇಟ್ಟು, ಅದರೊಳಗೆ ಪಾದ ತೂರಿಸಿ, ಚರ್ಮದ ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದರು. ಬಿಗಿದ ಪಟ್ಟಿಯನ್ನು ಸಡಿಲಿಸಬೇಕಾದರೆ ಬಗ್ಗಿ ಕೈಯಿಂದಲೇ ಎಳೆಯಬೇಕಿತ್ತು. ಅಕ್ಷರಶಃ ಕಾಲು ಕಟ್ಟಿಕೊಂಡವರು ಅವರು. ಎಪ್ಪತ್ತರ ದಶಕದಲ್ಲಿ ಇಟಲಿಯ ಚಿನೆಲ್ಲಿ ಕಂಪನಿ ಪಟ್ಟಿಯಿಲ್ಲದೆ ಶೂವನ್ನು ಹಿಡಿಯುವ ಎಂ71 ಎಂಬ ಪೆಡಲನ್ನು ಹೊರತಂದಿತಾದರೂ ಅದನ್ನು ಬಿಡಿಸಲು ಸಹ ಕೈಯಿಂದ ಕೀಲಿ ಸರಿಸಬೇಕಾಗಿತ್ತು; ಸವಾರರು ಅದಕ್ಕೆ ಸಾವಿನ ಹೆಸರಿಟ್ಟು ಕರೆದರು.

ಇಂದಿನ ಪೆಡಲಿನ ರೂಪ ಬಂದದ್ದು 1984ರಲ್ಲಿ, ಫ್ರಾನ್ಸಿನ ಲುಕ್ ಕಂಪನಿಯಿಂದ. ಮರುವರ್ಷ ಫ್ರಾನ್ಸಿನ ಸವಾರ ಬರ್ನಾರ್ ಇನೋ ಅದೇ ಪೆಡಲುಗಳನ್ನು ತುಳಿದು ತಮ್ಮ ಐದನೆಯ ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಗೆದ್ದರು, ಅಲ್ಲಿಂದಾಚೆ ಚರ್ಮದ ಪಟ್ಟಿಗಳು ಒಂದೊಂದಾಗಿ ಮಾಯವಾದವು. ಓದುತ್ತಾ ಕುಳಿತಿದ್ದ ನನ್ನನ್ನು ಹಿಡಿದು ನಿಲ್ಲಿಸಿದ್ದು ಗೆಲುವಿನ ಸಂಗತಿಯಲ್ಲ, ಆ ಕಂಪನಿಯ ಮೂಲ ಕಸುಬು. ಲುಕ್ ಮೊದಲು ಮಾಡುತ್ತಿದ್ದದ್ದು ಹಿಮದ ಮೇಲೆ ಜಾರುವ ಸ್ಕೀ ಹಲಗೆಗಳಿಗೆ ಬೂಟನ್ನು ಹಿಡಿದಿಡುವ ಬೈಂಡಿಂಗ್‌ಗಳನ್ನು. ಸ್ಕೀ ಹಲಗೆಗೆ ಬೂಟು ಕಚ್ಚಿಕೊಂಡಿರುವಾಗ ಮನುಷ್ಯ ಬಿದ್ದರೆ, ಉದ್ದನೆಯ ಹಲಗೆ ಸನ್ನೆಗೋಲಿನಂತೆ ತಿರುಚಿ ಕಾಲಿನ ಮೂಳೆಯನ್ನು ಮುರಿಯುತ್ತದೆ. ಆದ್ದರಿಂದ ಒಳ್ಳೆಯ ಬೈಂಡಿಂಗ್ ಎಂದರೆ ಬೀಳುವ ಕ್ಷಣದಲ್ಲಿ ತಾನಾಗಿಯೇ ಬಿಟ್ಟುಕೊಡುವಂಥದ್ದು. ಹಿಡಿಯುವುದು ಸುಲಭ, ಸರಿಯಾದ ಹೊತ್ತಿಗೆ ಬಿಡುವುದನ್ನು ಸಾಧಿಸಲು ಅವರು ಸ್ಪ್ರಿಂಗು, ಕೋನ, ಬಿಗಿತಗಳ ಲೆಕ್ಕಾಚಾರ ನಡೆಸಿದ್ದರು. ಹಾಗಾದರೆ ಬೀಳುವ ಹೊತ್ತಿಗೆ ಕಾಲು ಬೇಕಲ್ಲವೇ ಎಂಬ ಪ್ರಶ್ನೆ ಈ ಯಂತ್ರದ ಹೊರಗಿನದಲ್ಲ. ಅದರ ಹುಟ್ಟಿನಲ್ಲಿಯೇ ಇದ್ದ ಪ್ರಶ್ನೆ ಅದು. ಮೇಖ್ರಿ ವೃತ್ತದ ಆ ಅಕ್ಕ ಅದನ್ನು ಯಾರಿಂದಲೂ ಕೇಳಿ ತಿಳಿದವರಲ್ಲ, ಮೇಲೆದ್ದ ನನ್ನ ಕಾಲನ್ನು ನೋಡಿ ತಿಳಿದವರು.

ಒಂದು ವ್ಯತ್ಯಾಸ ಮಾತ್ರ ಉಳಿಯುತ್ತದೆ. ಸ್ಕೀ ಬೈಂಡಿಂಗನ್ನು ಬೀಳುವವರ ಮೈಭಾರವೇ ಬಿಡಿಸುತ್ತದೆ. ಪೆಡಲಿನಲ್ಲಿ ಸವಾರನೇ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸಬೇಕು. ಗಾಬರಿಯಾದಾಗ ಯಾರೂ ಹಿಮ್ಮಡಿ ತಿರುಗಿಸುವುದಿಲ್ಲ, ಕಾಲನ್ನು ಮೇಲಕ್ಕೆ ಎಳೆಯುತ್ತಾರೆ. ಮಂಗಳವಾರ ನಾನು ಮಾಡಿದ್ದೂ ಅದನ್ನೇ, ಮತ್ತು ಎಳೆತಕ್ಕೆ ಜಗ್ಗದಿರುವುದೇ ಆ ಪೆಡಲಿನ ಗುಣ.

ಗುರುವಾರ ಸಂಜೆ ಅಂಗಡಿಗೆ ಹೋದೆ. ಅಲ್ಲಿದ್ದ ಹುಡುಗ ತಿಳಿವಳಿಕೆಯುಳ್ಳವನು, ಮರ್ಯಾದೆಯಿಂದ ಮಾತನಾಡಿದ. ಮೂರು ಸ್ಕ್ರೂಗಳ ರೋಡ್ ಕ್ಲೀಟುಗಳನ್ನು ಮೇಜಿನ ಮೇಲೆ ಜೋಡಿಸಿ, ಶಿಮಾನೊ ಕಂಪನಿಯ ರೋಡ್ ಪೆಡಲಿನ ಪದ್ಧತಿಯಾದ ಎಸ್‌ಪಿಡಿ-ಎಸ್‌ಎಲ್‌ನಲ್ಲಿ ಹಳದಿ ಬಣ್ಣದ್ದಾದರೆ ಪಾದಕ್ಕೆ 6 ಡಿಗ್ರಿಯಷ್ಟು ಅಲುಗಾಡುವ ಅವಕಾಶ, ನೀಲಿಯದಾದರೆ 2, ಕೆಂಪಾದರೆ ಸ್ವಲ್ಪವೂ ಇಲ್ಲ ಎಂದು ವಿವರಿಸಿ, ಮೊಣಕಾಲು ನೋವು ಬರಬಾರದೆಂದರೆ ಹಳದಿಯಿಂದ ಆರಂಭಿಸಿ ಎಂದ. ಅದು ಸರಿಯಾದ ಸಲಹೆ. ಪಾದ ಊರುವ ಅಗಲವೂ ಈ ಪೆಡಲುಗಳಲ್ಲಿ ಹೆಚ್ಚು, ಆದ್ದರಿಂದ ನೂರಾರು ಕಿಲೋಮೀಟರ್ ತುಳಿಯುವವರ ಅಂಗಾಲು ಉರಿಯುವುದು ಕಡಿಮೆ. ಬಳಿಕ ತೂಕದ ಮಾತು ಬಂತು: ಶಿಮಾನೊ 105 ಪೆಡಲುಗಳ ಜೋಡಿ 265 ಗ್ರಾಂ, ಬೆಟ್ಟದ ಸೈಕಲಿನ ಎಸ್‌ಪಿಡಿ ಜೋಡಿಯಾದರೆ ಸುಮಾರು 380. ಆತ ಆ 115 ಗ್ರಾಮನ್ನು ಬಹಳ ಗಂಭೀರವಾಗಿ ಹೇಳಿದ. ನನ್ನ ಬಾಟಲಿಯಲ್ಲಿ ಮುಕ್ಕಾಲು ಲೀಟರ್ ನೀರಿರುತ್ತದೆ. ಆ 115 ಗ್ರಾಂ ನೀರನ್ನು ನಾನು ಯಲಹಂಕ ದಾಟುವುದರೊಳಗೆ ಕುಡಿದು ಮುಗಿಸಿರುತ್ತೇನೆ. ಪೆಡಲನ್ನು ಕೆಳಗೆ ಒತ್ತುವುದರ ಜೊತೆಗೆ ಮೇಲಕ್ಕೂ ಎಳೆಯಬಹುದು, ಅದರಿಂದ ಶಕ್ತಿ ಉಳಿಯುತ್ತದೆ ಎಂದೂ ಹೇಳಿದ. ಇದು ಬಹಳ ಜನ ನಂಬಿರುವ ಮಾತು; ಆದರೆ ಸಮವೇಗದ ತುಳಿತದಲ್ಲಿ ಹಾಗೆ ಬೇಕೆಂದೇ ಎಳೆಯುವುದರಿಂದ ದಕ್ಷತೆ ಹೆಚ್ಚುವುದಿಲ್ಲ ಎಂಬುದು ಪ್ರಯೋಗಗಳಲ್ಲಿ ಕಂಡುಬಂದಿದೆ. ಕ್ಲೀಟಿನಿಂದ ನನ್ನಂಥವಳಿಗೆ ಆಗುವ ನಿಜವಾದ ಉಪಕಾರವೆಂದರೆ ಏರಿನಲ್ಲಿ ಎದ್ದು ನಿಂತಾಗಲೂ, ಉಬ್ಬುತಗ್ಗಿನ ರಸ್ತೆಯಲ್ಲೂ, ಮಳೆಯಲ್ಲೂ ಪಾದ ಜಾರುವುದಿಲ್ಲ.

ಆ ಹುಡುಗ ಇಷ್ಟೆಲ್ಲ ಹೇಳಿದ, ಆದರೆ ನೀವು ಎಲ್ಲಿ ಓಡಿಸುತ್ತೀರಿ, ಎಷ್ಟು ಸಲ ಕಾಲು ಕೆಳಗಿಡುತ್ತೀರಿ ಎಂದು ಒಮ್ಮೆಯೂ ಕೇಳಲಿಲ್ಲ. ನನ್ನ ಮನೆಯಿಂದ ಹೆಬ್ಬಾಳ ಮೇಲ್ಸೇತುವೆಯವರೆಗೆ ಸಿಗ್ನಲ್ಲು, ಬಸ್ ನಿಲ್ದಾಣ, ಅಡ್ಡ ಬರುವ ಆಟೋ, ಬಣ್ಣ ಬಳಿಯದ ಹಂಪು, ನಾಯಿ ಎಲ್ಲ ಸೇರಿ ಹನ್ನೆರಡು ಹದಿನೈದು ಸಲವಾದರೂ ನಾನು ನಿಲ್ಲುತ್ತೇನೆ. ದೇವನಹಳ್ಳಿಯ ಆಚೆಗಿನ ಹಳ್ಳಿಗಳಲ್ಲಿ ಚಹಾಕ್ಕೆ ಇಳಿದರೆ ನಡೆಯಬೇಕು. ಮೂರು ಸ್ಕ್ರೂಗಳ ಪ್ಲಾಸ್ಟಿಕ್ ಕ್ಲೀಟು ಅಂಗಾಲಿನ ಕೆಳಗೆ ಉಬ್ಬಿಕೊಂಡಿರುತ್ತದೆ. ಅದರಲ್ಲಿ ನಡೆದರೆ ಜಾರುತ್ತದೆ, ಸವೆಯುತ್ತದೆ. ಎರಡು ಸ್ಕ್ರೂಗಳ ಎಸ್‌ಪಿಡಿಯ ಕ್ಲೀಟು ಲೋಹದ್ದು, ಚಿಕ್ಕದು, ಶೂವಿನ ತಳದ ಗುಳಿಯೊಳಗೆ ಕೂರುವಂಥದ್ದು, ಮಾಮೂಲಿನಂತೆ ನಡೆಯಬಹುದು. 1990ರಲ್ಲಿ ಶಿಮಾನೊ ಅದನ್ನು ಬೆಟ್ಟದ ಸೈಕಲುಗಳಿಗಾಗಿ ತಂದದ್ದು ಈ ಕಾರಣಕ್ಕೇ, ಏಕೆಂದರೆ ಅಲ್ಲಿ ಸವಾರ ಆಗಾಗ ಇಳಿದು ಸೈಕಲನ್ನು ತಳ್ಳಬೇಕಾಗುತ್ತದೆ. ಬೆಂಗಳೂರಿನಲ್ಲಿ ಬೆಳಗಿನ ಏಳು ಗಂಟೆಯ ರಸ್ತೆ ನನ್ನ ಮಟ್ಟಿಗೆ ಯೂರೋಪಿನ ಹೆದ್ದಾರಿಗಿಂತ ಆ ಬೆಟ್ಟದ ಹಾದಿಗೇ ಹತ್ತಿರ.

ಕೊನೆಗೆ ಕೊಂಡದ್ದು ಒಂದು ಬದಿ ಚಪ್ಪಟೆಯಾಗಿ ಇನ್ನೊಂದು ಬದಿಗೆ ಎಸ್‌ಪಿಡಿ ಹಿಡಿತವಿರುವ ಶಿಮಾನೊ ಇಎಚ್500. ಊರು ದಾಟುವವರೆಗೆ ಚಪ್ಪಟೆ ಬದಿ, ಊರು ದಾಟಿದ ಮೇಲೆ ಹಿಡಿತದ ಬದಿ. ಕ್ಲೀಟಿನಲ್ಲಿ ಎಸ್‌ಎಚ್56 ಎಂಬುದನ್ನು ಆರಿಸಿದೆ. ಸಾಮಾನ್ಯವಾದ ಎಸ್‌ಎಚ್51 ಹಿಮ್ಮಡಿಯನ್ನು ಪಕ್ಕಕ್ಕೆ ತಿರುಗಿಸಿದರಷ್ಟೇ ಬಿಡುತ್ತದೆ. ಎಸ್‌ಎಚ್56 ಕಾಲನ್ನು ಓರೆಯಾಗಿ ಮೇಲಕ್ಕೆ ಜೋರಾಗಿ ಎಳೆದರೂ ಬಿಟ್ಟುಕೊಡುತ್ತದೆ. ಗಾಬರಿಯಾದ ಮನುಷ್ಯರು ಏನು ಮಾಡುತ್ತಾರೆಂದು ಅರಿತು ಮಾಡಿದ ವಸ್ತು ಅದು ಎಂದು ನನಗೆ ತೋರಿತು, ಅದಕ್ಕಾಗಿ ಅದನ್ನು ಮಾಡಿದವರ ಮೇಲೆ ಗೌರವವೂ ಮೂಡಿತು. ಗೆಳತಿಗೆ ಚಿತ್ರ ಕಳಿಸಿದೆ. "ರೋಡ್ ಬೈಕಿಗೆ ಇದಾ?" ಎಂದು ಬಂತು ಉತ್ತರ. ಹೌದು, ಇದೇ.

ಶುಕ್ರವಾರ ಸಂಜೆ ನಾನೇ ಪೆಡಲು ಜೋಡಿಸಿದೆ. ಎಡ ಪೆಡಲಿನ ತಿರುಪು ಉಲ್ಟಾ ಇರುವುದರಿಂದ ಅದನ್ನು ಎಡಕ್ಕೆ ತಿರುಗಿಸಿ ಬಿಗಿಯಬೇಕು. ಸ್ಪ್ರಿಂಗಿನ ಬಿಗಿತವನ್ನು ಅಲೆನ್ ಕೀಯಿಂದ ಅತ್ಯಂತ ಸಡಿಲಕ್ಕೆ ತಂದೆ. ಕ್ಲೀಟಿನ ಸ್ಕ್ರೂ ಸಡಿಲವಾದರೆ ಶೂ ತಿರುಗುತ್ತದೆಯೇ ಹೊರತು ಕ್ಲೀಟು ತಿರುಗುವುದಿಲ್ಲ, ಕಾಲು ಸಿಕ್ಕಿಕೊಂಡೇ ಉಳಿಯುತ್ತದೆ. ಸ್ಕ್ರೂ ಸರಿದರೆ ತಿಳಿಯಲೆಂದು ಅದರ ತಲೆಯಿಂದ ಕ್ಲೀಟಿನವರೆಗೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದೆ. ಗೋಡೆ ಹಿಡಿದು ನಿಂತು ಎರಡೂ ಕಾಲುಗಳಲ್ಲಿ ಐವತ್ತೈವತ್ತು ಸಲ ಹಾಕಿ ಬಿಡಿಸಿದೆ.

ಇಂದು, ಶನಿವಾರ, ಅದೇ ಹೊತ್ತಿಗೆ ಮೇಖ್ರಿ ವೃತ್ತಕ್ಕೆ ಹೋದೆ. ಅಕ್ಕ ಇದ್ದರು. ನನ್ನ ಮುಖಕ್ಕಿಂತ ಮೊದಲು ಸೈಕಲಿನ ಗುರುತು ಹಿಡಿದರು.

"ಕೈ ಹೆಂಗಿದೆ? ಈಗ ಕಾಲು ಬಿಡುತ್ತಾ?"

ಪಾದಚಾರಿ ಮಾರ್ಗದ ಅಂಚಿಗೆ ಸೈಕಲ್ ನಿಲ್ಲಿಸಿ, ಕಾಲು ಸಿಕ್ಕಿಸಿ, ಬಿಡಿಸಿ ತೋರಿಸಿದೆ. ಶೂ ತೋರಿಸಿ ಎಂದರು. ತಳದಲ್ಲಿದ್ದ ಚಿಕ್ಕ ಲೋಹದ ತುಂಡನ್ನು ಬೆರಳಿನಿಂದ ಮುಟ್ಟಿ ನೋಡಿದರು. ಮಂಗಳವಾರ ಬಲಗಾಲು ಬಿಡಿಸಿದ್ದರೂ ಎಡಕ್ಕೇ ಏಕೆ ಬಿದ್ದೆನೋ ತಿಳಿಯಲಿಲ್ಲ ಎಂದು ನಾನು ಹೇಳಿದೆ. ನಿಂತಾಗ ಬಲಗಾಲು ಮೊದಲು ಎಂದು ನಾನು ವೀಡಿಯೊ ನೋಡಿ ಕಲಿತವಳು.

"ಬಲಗಾಲು ಯಾಕೆ ಇಡ್ತೀರಾ? ರಸ್ತೆ ಈ ಕಡೆಗೇ ಇಳಿಜಾರು. ಮಳೆ ಬಂದ್ರೆ ನೀರೆಲ್ಲ ಇಲ್ಲೇ ಬಂದು ನಿಂತ್ಕೊಳುತ್ತೆ, ಕಸಾನೂ ಇಲ್ಲೇ ಬರುತ್ತೆ. ಎಡಗಾಲು ಇಡಿ," ಎಂದು ಪೊರಕೆಯ ತುದಿಯಿಂದ ಅಂಚಿನ ಮಣ್ಣಿನ ಗೆರೆಯನ್ನು ತೋರಿಸಿದರು.

ನಾನು ನೋಡಿದ ವೀಡಿಯೊಗಳು ರಸ್ತೆಯ ಬಲಬದಿಯಲ್ಲಿ ಓಡಿಸುವ ದೇಶಗಳವು. ಅಲ್ಲಿ ರಸ್ತೆಯ ಅಂಚೂ ಇಳಿಜಾರೂ ಇರುವುದು ಬಲಗಡೆ. ಸಿಗ್ನಲ್ ಹಸಿರಾಗಲು ಇನ್ನೂ ನಲವತ್ತು ಸೆಕೆಂಡ್ ಇತ್ತು. ನಾಲ್ಕು ಹೆಜ್ಜೆ ಹಿಂದಕ್ಕೆ ಹೋಗಿ, ಎರಡೂ ಕಾಲು ಸಿಕ್ಕಿಸಿ, ಅವರ ಮುಂದೆ ಬಂದು ನಿಲ್ಲಿಸಿ, ಎಡಗಾಲನ್ನು ಆ ಮಣ್ಣಿನ ಗೆರೆಯ ಪಕ್ಕಕ್ಕೆ ಊರಿದೆ. ಅವರು ನೋಡಿ, ತಲೆಯಾಡಿಸಿ, ಗುಡಿಸತೊಡಗಿದರು.