ಇಂಜಿನಿಯರಿಂಗ್ ಮೊದಲ ಸೆಮಿಸ್ಟರ್: ಮೊದಲ ಆರು ವಾರದ ಲೆಕ್ಕ

ವರ್ಷವಿಡೀ ಹೇಗಿದ್ದರೂ ಜನವರಿ, ಫೆಬ್ರವರಿಯಲ್ಲಿ ಪಟ್ಟು ಹಿಡಿದು ಕೂತರೆ ಪರೀಕ್ಷೆ ದಾಟಬಹುದು ಎಂಬ ರೂಢಿ ಪಿಯುಸಿಯಿಂದ ಬರುತ್ತದೆ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜಿಗೆ ಸೇರಿದ ಮೇಲೆ ಮೊದಲು ಬಿಡಬೇಕಾದದ್ದು ಅದನ್ನೇ. ಸೆಮಿಸ್ಟರಿನಲ್ಲಿ ಪಾಠಕ್ಕೆ ಸಿಗುವುದು ಸುಮಾರು ಹದಿನಾಲ್ಕು ವಾರ. ಐದಾರು ವಾರ ಕಳೆಯುವಷ್ಟರಲ್ಲಿ ಮೊದಲ ಇಂಟರ್ನಲ್ಸ್ (ಕಾಲೇಜೇ ನಡೆಸುವ ಪರೀಕ್ಷೆ) ಬಂದಿರುತ್ತದೆ. ಸಿಇಟಿಯ ಕೊನೆಯ ಸುತ್ತಿನಲ್ಲಿ ಸೀಟು ಸಿಕ್ಕವರಿಗೆ ಅಷ್ಟು ಸಮಯವೂ ಇರುವುದಿಲ್ಲ. ಮೊದಲ ಸೆಮಿಸ್ಟರಿನಲ್ಲಿ ಫೇಲಾಗುವವರಲ್ಲಿ ಬಹಳ ಮಂದಿ ದಡ್ಡರಲ್ಲ; ಈ ಕ್ಯಾಲೆಂಡರು ಅರ್ಥವಾಗುವ ಹೊತ್ತಿಗೆ ತಡವಾಗಿರುತ್ತದೆ, ಅಷ್ಟೇ.

ಅಂಕಗಳ ಲೆಕ್ಕವನ್ನು ಮೊದಲ ವಾರವೇ ತಿಳಿದುಕೊಳ್ಳಿ. 2022ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮ ಮತ್ತು ಅಂಕಗಳ ನಿಯಮದಲ್ಲಿ, ಒಂದು ವಿಷಯಕ್ಕೆ ಇಂಟರ್ನಲ್ 50, ಸೆಮಿಸ್ಟರ್ ಕೊನೆಯ ಪರೀಕ್ಷೆ 50. ಇಂಟರ್ನಲ್‌ನಲ್ಲಿ ಕನಿಷ್ಠ 20 ಬರದಿದ್ದರೆ ಕೊನೆಯ ಪರೀಕ್ಷೆಗೆ ಕೂರಿಸುವುದೇ ಇಲ್ಲ. ಕೊನೆಯ ಪರೀಕ್ಷೆ 100 ಅಂಕಕ್ಕೆ ನಡೆದು 50ಕ್ಕೆ ಇಳಿಯುತ್ತದೆ, ಅಲ್ಲಿ ಶೇ. 35 ಬೇಕು. ಎರಡೂ ಸೇರಿ 100ಕ್ಕೆ 40 ಆಗಬೇಕು. ಇಂಟರ್ನಲ್‌ನಲ್ಲಿ 45 ತೆಗೆದವರು ಕೊನೆಯ ಪರೀಕ್ಷೆಯಲ್ಲಿ 100ಕ್ಕೆ 30 ಬರೆದರೆ ಒಟ್ಟು 60 ಆದರೂ ಫೇಲ್. ಹಾಗೆಯೇ ಇಂಟರ್ನಲ್ ಬರೀ 20 ಇದ್ದರೆ ಶೇ. 35 ಸಾಲದು, 40 ಬರೆಯಲೇಬೇಕು. ಲ್ಯಾಬ್ ಕೂಡಿಕೊಂಡಿರುವ ವಿಷಯದಲ್ಲಿ ಥಿಯರಿಗೂ ಲ್ಯಾಬಿಗೂ ಬೇರೆ ಬೇರೆ ಕನಿಷ್ಠ ಅಂಕ ಇರುತ್ತದೆ. ಸ್ಕೀಮ್ ಬದಲಾದಾಗ ಈ ಸಂಖ್ಯೆಗಳೂ ಬದಲಾಗುತ್ತವೆ. ಹಾಗಾಗಿ ಸೀನಿಯರ್ ಹೇಳಿದ್ದನ್ನೇ ನೆಚ್ಚಿಕೊಳ್ಳದೆ, ನಿಮ್ಮ ಬ್ಯಾಚಿನ ಸಿಲಬಸ್ಸನ್ನು ವಿಟಿಯು ವೆಬ್‌ಸೈಟಿನಿಂದ ಇಳಿಸಿ, ಪ್ರಿಂಟ್ ತೆಗೆದು ಟೇಬಲ್ ಮೇಲೆ ಇಟ್ಟುಕೊಳ್ಳಿ.

ಪ್ರಶ್ನೆಪತ್ರಿಕೆಯ ರಚನೆಯೂ ಓದುವ ಕ್ರಮವನ್ನು ನಿರ್ಧರಿಸುತ್ತದೆ. ಒಂದು ವಿಷಯಕ್ಕೆ ಐದು ಮಾಡ್ಯೂಲ್ (ಪಾಠದ ಭಾಗ), ಪ್ರತಿಯೊಂದರಿಂದ 20 ಅಂಕದ ಎರಡು ಪೂರ್ಣ ಪ್ರಶ್ನೆ, ಒಂದನ್ನು ಬರೆಯಬೇಕು. ಒಂದು ಪ್ರಶ್ನೆಯ ‘ಎ’ ಭಾಗ, ಇನ್ನೊಂದರ ‘ಬಿ’ ಭಾಗ ಎಂದು ಆರಿಸಿ ಜೋಡಿಸುವಂತಿಲ್ಲ. ಆದ್ದರಿಂದ ಎಲ್ಲ ಮಾಡ್ಯೂಲ್‌ಗಳನ್ನೂ ಅರ್ಧರ್ಧ ಓದಿದವರಿಗೆ ಎಲ್ಲ ಕಡೆಯೂ ಅರ್ಧ ಉತ್ತರವೇ ಸಿಗುತ್ತದೆ. ಸಮಯ ಕಡಿಮೆ ಇದ್ದಾಗ ಮೂರು ಮಾಡ್ಯೂಲನ್ನು ಪೂರ್ತಿ ಮಾಡಿ, ಉಳಿದೆರಡರಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಹಿಡಿಯುವುದು ಮೇಲು. ಹಳೆಯ ಪತ್ರಿಕೆಗಳನ್ನು ಪರೀಕ್ಷೆಯ ಹಿಂದಿನ ವಾರಕ್ಕೆ ಬಿಡಬೇಡಿ. ಒಂದು ಮಾಡ್ಯೂಲ್ ಪಾಠ ಮುಗಿದ ಶನಿವಾರವೇ ಆ ಮಾಡ್ಯೂಲಿನ ಹಳೆಯ ಪ್ರಶ್ನೆಗಳನ್ನು ಪುಸ್ತಕ ಮುಚ್ಚಿ ಬರೆದು ನೋಡಿ.

ಹಾಜರಿ 85 ಪರ್ಸೆಂಟ್. ಸಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ 10 ಪರ್ಸೆಂಟ್‌ವರೆಗೆ ವಿನಾಯಿತಿ ಸಿಗಬಹುದು, ಆದರೆ ಅದು ಹಕ್ಕಲ್ಲ. ಇದನ್ನು ಒಟ್ಟಾರೆ ನೋಡುವುದಿಲ್ಲ, ವಿಷಯವಾರು ನೋಡುತ್ತಾರೆ. ಒಂದು ವಿಷಯಕ್ಕೆ 50 ಕ್ಲಾಸ್ ನಡೆದರೆ ತಪ್ಪಿಸಬಹುದಾದದ್ದು ಏಳು. ಹುಬ್ಬಳ್ಳಿ, ಕಲಬುರಗಿ ಕಡೆಯಿಂದ ಬೆಂಗಳೂರಿಗೆ ಬಂದವರು ಎರಡು ವಾರಕ್ಕೊಮ್ಮೆ ಊರಿಗೆ ಹೋಗಿ ಸೋಮವಾರ ಮಧ್ಯಾಹ್ನ ಕಾಲೇಜಿಗೆ ಬಂದರೆ, ಸೋಮವಾರ ಬೆಳಗ್ಗೆ ಇರುವ ವಿಷಯವೊಂದರಲ್ಲೇ ಆ ಏಳೂ ಖಾಲಿಯಾಗುತ್ತವೆ. ಆಮೇಲೆ ನಿಜವಾಗಿ ಜ್ವರ ಬಂದಾಗ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಟೈಮ್‌ಟೇಬಲ್ ಕೈಗೆ ಬಂದ ದಿನವೇ ಸೋಮವಾರ ಬೆಳಗ್ಗೆ, ಶುಕ್ರವಾರ ಮಧ್ಯಾಹ್ನ ಯಾವ ಕ್ಲಾಸಿದೆ ನೋಡಿ, ಊರಿಗೆ ಹೋಗುವುದನ್ನು ಅದಕ್ಕೆ ಹೊಂದಿಸಿ. ಆಸ್ಪತ್ರೆಯ ಚೀಟಿ, ಬಿಲ್ಲುಗಳನ್ನು ಎಸೆಯಬೇಡಿ. ವಾಪಸ್ ಬಂದ ವಾರದೊಳಗೇ ವಿಭಾಗದ ಆಫೀಸಿಗೆ ಕೊಟ್ಟರೆ ಮಾತ್ರ ಅವಕ್ಕೆ ಬೆಲೆ.

ಮೊದಲ ಸೆಮಿಸ್ಟರಿನಲ್ಲಿ ಹೆಚ್ಚು ಜನ ಎಡವುವುದು ಗಣಿತದಲ್ಲಿ. ಆದರೆ ಹೊಸ ಪಾಠ ಕಷ್ಟವೆಂದಲ್ಲ, ಪಿಯುಸಿ ಸೂತ್ರ ಮರೆತಿರುವುದರಿಂದ. ಪೋಲಾರ್ ಕರ್ವ್ಸ್ (ಕೋನ ಮತ್ತು ದೂರದಿಂದ ಗುರುತಿಸುವ ವಕ್ರರೇಖೆಗಳು) ತೆಗೆದುಕೊಳ್ಳಿ. ಹೃದಯದಾಕಾರದ ಕಾರ್ಡಿಯಾಯ್ಡ್‌ನ ಲೆಕ್ಕದಲ್ಲಿ ಎರಡೂ ಕಡೆ ಲಾಗ್ ತೆಗೆದು ಡಿಫರೆನ್ಷಿಯೇಟ್ ಮಾಡುವ ತನಕ ಎಲ್ಲರೂ ಬರುತ್ತಾರೆ. ಆಮೇಲೆ ಒಂದು ಪ್ಲಸ್ ಕಾಸ್ ಥೀಟಾವನ್ನು ಎರಡು ಕಾಸ್ ಸ್ಕ್ವೇರ್ ಅರ್ಧ ಥೀಟಾ ಎಂದು ಬದಲಿಸುವುದು ಹೊಳೆಯದೆ ಅಲ್ಲೇ ನಿಲ್ಲುತ್ತಾರೆ. ಮೊದಲ ಎರಡು ವಾರ ದಿನಕ್ಕೆ ಅರ್ಧ ಗಂಟೆ ತ್ರಿಕೋನಮಿತಿಯ ಅರ್ಧಕೋನ ಸೂತ್ರಗಳು, ಚೈನ್ ರೂಲ್, ಮುಖ್ಯ ಇಂಟಿಗ್ರಲ್‌ಗಳನ್ನು ಕೈಯಲ್ಲಿ ಬರೆದರೆ ಈ ಮಾಡ್ಯೂಲ್ ಬಹುಪಾಲು ಸಲೀಸಾಗುತ್ತದೆ. ಮ್ಯಾಟ್ರಿಕ್ಸ್ ಭಾಗದಲ್ಲಿ ತಪ್ಪುವುದು ಕೂಡು-ಕಳೆಯ ಲೆಕ್ಕ. ರೋ ಆಪರೇಷನ್ ಮಾಡಿದಾಗಲೆಲ್ಲ ಪಕ್ಕದಲ್ಲಿ ಏನು ಮಾಡಿದಿರಿ ಎಂದು ಬರೆಯಿರಿ. ಉತ್ತರ ತಪ್ಪಿದರೂ ಹಂತಗಳಿಗೆ ಅಂಕ ಸಿಗುತ್ತದೆ. ಗಾಸ್–ಸೈಡೆಲ್ (ಉತ್ತರವನ್ನು ಸುತ್ತು ಸುತ್ತಾಗಿ ಹತ್ತಿರ ತರುವ ವಿಧಾನ) ಶುರು ಮಾಡುವ ಮೊದಲು ಪ್ರತಿ ಸಾಲಿನ ಕರ್ಣದ ಸಂಖ್ಯೆಯೇ ದೊಡ್ಡದಾಗಿರುವಂತೆ ಸಮೀಕರಣಗಳನ್ನು ಹಿಂದುಮುಂದು ಮಾಡಿಕೊಳ್ಳಿ. ಇಲ್ಲದಿದ್ದರೆ ಎಷ್ಟು ಸುತ್ತು ಮಾಡಿದರೂ ಬೆಲೆ ಒಂದು ಕಡೆ ನಿಲ್ಲದಿರಬಹುದು. ಯಾವುದೇ ಲೆಕ್ಕದಲ್ಲಿ ಥೀಟಾ ಬಂದರೆ ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ನೋಡಿಕೊಳ್ಳಿ. ಪ್ರೋಗ್ರಾಮ್ ಮಾಡಬಹುದಾದ ಕ್ಯಾಲ್ಕುಲೇಟರ್ ಕೊಳ್ಳಬೇಡಿ, ಪರೀಕ್ಷೆಗೆ ಬಿಡುವುದಿಲ್ಲ.

ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ತರಗತಿಗಳನ್ನು ಎರಡಾಗಿ ಹಂಚುತ್ತಾರೆ. ಮುಂದಿನ ಸೆಮಿಸ್ಟರಿನಲ್ಲಿ ಅದಲು ಬದಲು. ಯಾವುದು ಮೊದಲು ಬಂದರೂ ಚಿಂತೆಯಿಲ್ಲ. ಡ್ರಾಯಿಂಗ್ ಇರುವ ಸೆಮಿಸ್ಟರಿನಲ್ಲಿ ಮಾತ್ರ ಎಚ್ಚರ ಬೇಕು. ಪಾಯಿಂಟ್, ಲೈನ್, ಪ್ಲೇನ್, ಸಾಲಿಡ್ ಎಂದು ಒಂದರ ಮೇಲೊಂದು ಕಟ್ಟುತ್ತಾ ಹೋಗುವ ವಿಷಯವದು. ಲೈನ್ ತಪ್ಪಿಸಿಕೊಂಡವರಿಗೆ ಸಾಲಿಡ್ ಅರ್ಥವಾಗುವುದಿಲ್ಲ. ಸಾಫ್ಟ್‌ವೇರಿನಲ್ಲಿ ಗೆರೆ ಎಳೆಯುವ ಮೊದಲು ಅದೇ ಲೆಕ್ಕವನ್ನು ಸ್ಕೆಚ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಮಾಡಿ. ಒಂದು ರಟ್ಟನ್ನು ಮಲಗಿಸಿ, ಇನ್ನೊಂದನ್ನು ಅದಕ್ಕೆ ಲಂಬವಾಗಿ ನಿಲ್ಲಿಸಿ ಪೆನ್ಸಿಲನ್ನು ಓರೆಯಾಗಿ ಹಿಡಿದರೆ ಟಾಪ್ ವ್ಯೂ, ಫ್ರಂಟ್ ವ್ಯೂ ಎರಡೂ ಕಣ್ಣೆದುರೇ ಸಿಗುತ್ತವೆ.

ಲ್ಯಾಬಿನ ಅಂಕ ಹೋಗುವುದು ಬಹಳ ಸಲ ಪ್ರಯೋಗದಿಂದಲ್ಲ, ರೆಕಾರ್ಡಿನಿಂದ. ಆಬ್ಸರ್ವೇಷನ್ ಪುಸ್ತಕಕ್ಕೆ ಅದೇ ದಿನ ಸಹಿ, ರೆಕಾರ್ಡ್ ಮುಂದಿನ ಲ್ಯಾಬಿನೊಳಗೆ. ಮೂರು ವಾರದ ರೆಕಾರ್ಡ್ ಒಟ್ಟಿಗೆ ಬರೆಯಹೊರಟರೆ ಗ್ರಾಫ್‌ಗೆ ಸ್ಕೇಲ್ ಬರೆಯುವುದು, ಯೂನಿಟ್ ಹಾಕುವುದು ಬಿಟ್ಟುಹೋಗುತ್ತದೆ. ಟೈಟ್ರೇಷನ್‌ನಲ್ಲಿ ಬ್ಯೂರೆಟ್ಟನ್ನು ಅದಕ್ಕೆ ತುಂಬುವ ದ್ರಾವಣದಿಂದಲೇ ತೊಳೆಯಬೇಕು, ಕೋನಿಕಲ್ ಫ್ಲಾಸ್ಕನ್ನು ಬರೀ ಡಿಸ್ಟಿಲ್ಡ್ ನೀರಿನಿಂದ. ಇದು ಅದಲಾದರೆ ರೀಡಿಂಗ್ ತಪ್ಪಾಗುತ್ತದೆ, ವೈವಾದಲ್ಲೂ (ಮೌಖಿಕ ಪರೀಕ್ಷೆ) ಇದನ್ನೇ ಕೇಳುತ್ತಾರೆ.

ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಒಂದು ಮಾತು. ಪಾಠ ಅರ್ಥವಾಗದಿರುವುದು ಬೇರೆ, ಇಂಗ್ಲಿಷಿನ ವೇಗ ಹಿಡಿಯಲಾಗದಿರುವುದು ಬೇರೆ. ಮೊದಲ ತಿಂಗಳಲ್ಲಿ ಕಾಡುವುದು ಹೆಚ್ಚಾಗಿ ಎರಡನೆಯದು, ಮತ್ತು ಅದು ಕಡಿಮೆಯಾಗುತ್ತದೆ. ನಾಳಿನ ಪಾಠದ ತಲೆಬರಹ, ಚಿತ್ರ, ದಪ್ಪಕ್ಷರದ ಪದಗಳನ್ನು ಹಿಂದಿನ ರಾತ್ರಿ ಹದಿನೈದು ನಿಮಿಷ ನೋಡಿಕೊಂಡು ಹೋದರೆ ಕ್ಲಾಸಿನಲ್ಲಿ ಕಿವಿಗೆ ಹಿಡಿತ ಸಿಗುತ್ತದೆ. ಸಂಜೆ ಅದೇ ಪಾಠವನ್ನು ಗೆಳೆಯರಿಗೆ ಕನ್ನಡದಲ್ಲಿ ವಿವರಿಸಿ, ಆಮೇಲೆ ಪುಸ್ತಕ ನೋಡದೆ ಇಂಗ್ಲಿಷಿನಲ್ಲಿ ಐದು ಸಾಲು ಬರೆಯಿರಿ. ಸಂದೇಹವನ್ನು ಸ್ಟಾಫ್ ರೂಮಿಗೆ ಹೋಗಿ ಕನ್ನಡದಲ್ಲೇ ಕೇಳಿ, ಸಂಕೋಚ ಬೇಡವೇ ಬೇಡ.

ಇನ್ನು ಕಾಗದಪತ್ರ. ಮೂಲ ಅಂಕಪಟ್ಟಿ, ಟಿಸಿ ಕಾಲೇಜಿಗೆ ಒಪ್ಪಿಸುವ ಮೊದಲೇ ಸ್ಕ್ಯಾನ್ ಮಾಡಿ, ಐದಾರು ಜೆರಾಕ್ಸ್ ಇಟ್ಟುಕೊಳ್ಳಿ. ವಿದ್ಯಾರ್ಥಿವೇತನಕ್ಕೆ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕುವಾಗ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಆರ್‌ಡಿ ನಂಬರ್ (ಆ ಪತ್ರಗಳ ಮೇಲೆಯೇ ಇರುವ ಸಂಖ್ಯೆ) ಕೇಳುತ್ತದೆ. ಅರ್ಜಿ ಕೆಡುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಆಧಾರಿನಲ್ಲಿರುವ ಹೆಸರು ಅಂಕಪಟ್ಟಿಯ ಹೆಸರಿಗೆ ಹೊಂದುವುದಿಲ್ಲ, ಇಲ್ಲವೇ ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರುವುದಿಲ್ಲ. ಖಾತೆಗೆ ಆಧಾರ್ ನಂಬರ್ ಕೊಟ್ಟಿದ್ದೇವೆ ಎಂದರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಆಧಾರ್ ಮೂಲಕ ಆ ಖಾತೆಗೆ ಬರುವ ಜೋಡಣೆ) ಆಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಬೇಕು. ಹಿಂದುಳಿದ ವರ್ಗದ ಮಕ್ಕಳು ಸರ್ಕಾರಿ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿಯನ್ನು ಮರೆಯಬೇಡಿ. ಊಟ, ವಸತಿಗೆಂದು ತಿಂಗಳಿಗೆ ಇಷ್ಟೆಂದು ಹತ್ತು ತಿಂಗಳು ಹಣ ಕೊಡುವ ಯೋಜನೆ ಅದು.

ಹಾಸ್ಟೆಲಿನಲ್ಲಿ ಜಗಳ ಹುಟ್ಟುವುದು ದೀಪ, ಅಲಾರಂ, ಫೋನ್ ಮಾತು ಈ ಮೂರರಿಂದ. ಎಷ್ಟು ಗಂಟೆಗೆ ದೀಪ ಆರಿಸುವುದು ಎಂದು ಮೊದಲ ವಾರವೇ ಮಾತಾಡಿಕೊಳ್ಳಿ. ಮನಸ್ಸು ಕಸಿವಿಸಿಯಾದಾಗಲೇ ಹೇಳಹೊರಟರೆ ಮಾತು ಬಿರುಸಾಗುತ್ತದೆ. ಮೆಸ್ ಊಟ ಒಗ್ಗದ ಉತ್ತರ ಕರ್ನಾಟಕದ ಹುಡುಗರಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಗಸೆ ಚಟ್ನಿಪುಡಿಯ ಡಬ್ಬಿ ತಿಂಗಳಗಟ್ಟಲೆ ಆಸರೆ. ಒದ್ದೆ ಚಮಚ ಹಾಕದಿದ್ದರೆ ಕೆಡುವುದಿಲ್ಲ. ರ‍್ಯಾಗಿಂಗ್ ಆದರೆ ಸಹಿಸಿಕೊಳ್ಳಬೇಡಿ, 1800-180-5522 ದಿನದ ಯಾವ ಹೊತ್ತಿನಲ್ಲೂ ದೂರು ತೆಗೆದುಕೊಳ್ಳುತ್ತದೆ. ನಿದ್ದೆ, ಊಟ ಬಿಟ್ಟುಹೋಗುವಷ್ಟು ಮನಸ್ಸು ಕುಗ್ಗಿದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ.

ಫಲಿತಾಂಶ ಬಂದ ದಿನ ಒಂದು ವಿಷಯ ಹೋಗಿದ್ದರೆ ಮೊದಲು ಉತ್ತರಪತ್ರಿಕೆಯ ಫೋಟೋಕಾಪಿಗೆ ಅರ್ಜಿ ಹಾಕಿ. ಗಡುವು ಕೆಲವೇ ದಿನಗಳದ್ದು. ಆ ವಿಷಯದ ಮೇಷ್ಟ್ರಿಗೆ ತೋರಿಸಿ, ಅಂಕ ಬಿಟ್ಟುಹೋಗಿದೆ ಎಂದು ಅವರು ಹೇಳಿದರೆ ಮಾತ್ರ ರೀವ್ಯಾಲ್ಯುಯೇಷನ್‌ಗೆ ಹಣ ಕಟ್ಟಿ. ರೀವ್ಯಾಲ್ಯುಯೇಷನ್‌ನಲ್ಲಿ ಬದಲಾಗುವುದು ಕೊನೆಯ ಪರೀಕ್ಷೆಯ ಅಂಕ. ಇಂಟರ್ನಲ್ ಎಷ್ಟಿತ್ತೋ ಅಷ್ಟೇ ಇರುತ್ತದೆ.